ಹಾಲ್‌ನಲ್ಲಿ ಮಾತು ಗುಂಯ್ ಅನ್ನುತ್ತಾ? ಒಂದು ಕನ್ನಡಿ ತನ್ನಿ

"ಹೊಸ ಮನೆ ಕಟ್ಟಿಸಿದ್ವಿ. ಹಾಲ್‌ನಲ್ಲಿ ಮಾತಾಡಿದ್ರೆ ಗುಂಯ್ ಅನ್ನುತ್ತೆ, ಟಿವಿಯಲ್ಲಿ ಏನು ಹೇಳ್ತಾರೋ ತಿಳಿಯಲ್ಲ. ಏನು ಮಾಡೋದು?" ಮನೆಗಳಲ್ಲಿ ಸ್ಪೀಕರ್ ಜೋಡಿಸುವ ಕೆಲಸ ನನ್ನದು. ಹೋದಲ್ಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ.

ನಾನು ಮೊದಲು ಕೇಳುವುದು ಒಂದು ಕನ್ನಡಿ. ಅಂಗೈಯಗಲದ್ದು ಸಾಕು. ನೀವು ದಿನಾ ಕೂರುವ ಜಾಗದಲ್ಲೇ ಕೂತುಕೊಳ್ಳಿ. ಇನ್ನೊಬ್ಬರು ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಜರುಗಿಸುತ್ತಾ ಹೋಗಲಿ. ಮೊದಲು ಕಿಟಕಿ ಕಾಣುತ್ತದೆ, ಆಮೇಲೆ ಷೋಕೇಸು, ಆಮೇಲೆ ತಟ್ಟನೆ ಸ್ಪೀಕರ್. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಶಬ್ದ ಗೋಡೆಗೆ ಬಡಿದು ನಿಮ್ಮ ಕಿವಿಗೆ ಬರುವುದೂ ಅದೇ ಜಾಗದಿಂದ. ಬೆಳಕು ಎಷ್ಟು ಓರೆಯಾಗಿ ಬೀಳುತ್ತದೋ ಅಷ್ಟೇ ಓರೆಯಾಗಿ ಪುಟಿಯುತ್ತದೆ ಅಲ್ವಾ, ಶಬ್ದವೂ ಹಾಗೇ. ಆ ಗುರುತಿನ ಮೇಲೆ ಹತ್ತಿಯ ರಜಾಯಿ ನೇತುಹಾಕಿ ಮತ್ತೆ ಕೇಳಿ. ಮಾತು ಬಿಡಿಬಿಡಿಯಾಗಿ ಕೇಳತೊಡಗುತ್ತದೆ. ತೆಳು ಪರದೆ ಸಾಲದು. ಕಪ್ಪಗಿದ್ದರೆ ಅದು ಬೆಳಕನ್ನು ನುಂಗುತ್ತದೆ, ಆದರೆ ಶಬ್ದ ನುಂಗಲು ದಪ್ಪ ಬೇಕು.

ಮಾತು ನಿಂತ ಮೇಲೂ ಶಬ್ದ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಉಳಿಯುವುದೇ ಈ ಗುಂಯ್. ಹಾಗಾದರೆ ಸ್ವಿಚ್ ಆರಿಸಿದ ಮೇಲೂ ಬೆಳಕು ಪುಟಿಯುತ್ತಾ ಉಳಿಯಬೇಕಲ್ಲ? ಉಳಿಯುತ್ತದೆ! ಆದರೆ ಬಿಳಿ ಗೋಡೆ ಕೂಡ ಪ್ರತಿ ಸಲ ನೂರಕ್ಕೆ ಇಪ್ಪತ್ತರಷ್ಟು ಬೆಳಕು ನುಂಗುತ್ತದೆ. ಅದರ ಓಟವೋ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಹತ್ತಾರು ಸಲ ಪುಟಿದು ಮುಗಿಯಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಬೇಡ. ಶಬ್ದ ಹೋಗುವುದು ಸೆಕೆಂಡಿಗೆ ಸುಮಾರು 340 ಮೀಟರ್. ಗಾರೆ ಗೋಡೆ ಅದರಲ್ಲಿ ನುಂಗುವುದು ನೂರಕ್ಕೆ ಎರಡೋ ಮೂರೋ ಪಾಲು ಅಷ್ಟೆ. ಹಿಂದಿನ ಮಾತು ಇನ್ನೂ ಸುತ್ತುತ್ತಿರುವಾಗಲೇ ಮುಂದಿನದು ಬಂದು ಕಲಸಿಹೋಗುತ್ತದೆ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಉಪನ್ಯಾಸದ ಹಾಲ್‌ಗೂ ಇದೇ ಕಾಟ. ಅಲ್ಲಿ ಮಾತು 5.5 ಸೆಕೆಂಡು ಉಳಿಯುತ್ತಿತ್ತು. ವಾಲೇಸ್ ಸೇಬೈನ್ ಎಂಬ ಮೇಷ್ಟ್ರು ಅಲ್ಲಿನದೇ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ತಂದು ಹಾಸಿ, ಅಳೆದು, ಬೆಳಗಾಗುವುದರೊಳಗೆ ವಾಪಸ್ ಇಡುತ್ತಿದ್ದರು. ಮೆತ್ತೆ ಜಾಸ್ತಿಯಾದಷ್ಟೂ ಗುಂಯ್ ಕಡಿಮೆ. ರಜಾಯಿ ನೇತುಹಾಕುವಾಗೆಲ್ಲ ನನಗೆ ಅವರು ನೆನಪಾಗುತ್ತಾರೆ.

ಕನ್ನಡಿ ಕೈಕೊಡುವುದು ಬೇಸ್, ಅಂದರೆ ತಗ್ಗು ಸ್ವರದ ಶಬ್ದದ ವಿಷಯದಲ್ಲಿ. 50 ಹರ್ಟ್ಜ್ ಶಬ್ದದ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ಶಬ್ದದ ಅಲೆ ಸುಮಾರು 7 ಮೀಟರ್ ಉದ್ದ, ಎಷ್ಟೋ ಮನೆಗಳ ಹಾಲ್‌ಗಿಂತ ದೊಡ್ಡದು. ಬೆಳಕಿನ ಅಲೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಬೇಸ್‌ನ ಅಷ್ಟುದ್ದದ ಅಲೆ ಕಂಬವನ್ನು ಸುತ್ತಿಕೊಂಡು ಹೋಗುತ್ತದೆ, ರಜಾಯಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದಕ್ಕೆ ಸ್ಪೀಕರನ್ನು ಮೂಲೆಯಿಂದ ಈಚೆ ಎಳೆಯಿರಿ, ಸೋಫಾವನ್ನು ಹಿಂದಿನ ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತನ್ನಿ.