ಮೊದಲು ಎರಡು ಟರ್ಮಿನಲ್, ಆಮೇಲೆ ಕೋಷ್ಟಕ

ಹೊಸಬರಿಗೆ ಅಂತ ಬರೆದ ಡೇಟಾಬೇಸ್ ಡಾಕ್ಯುಮೆಂಟೇಶನ್‌ನಲ್ಲಿ ಕನ್‌ಕರೆನ್ಸಿ (ಒಂದೇ ಹೊತ್ತಿಗೆ ಹಲವರು ಅದೇ ಡೇಟಾ ಮುಟ್ಟುವುದು) ಅಧ್ಯಾಯ ಹೆಚ್ಚಾಗಿ ಒಂದು ಕೋಷ್ಟಕದಿಂದಲೇ ಶುರುವಾಗುತ್ತದೆ. ಎಡಗಡೆ ನಾಲ್ಕು ಐಸೊಲೇಶನ್ ಲೆವೆಲ್ (ಒಬ್ಬರ ಕೆಲಸ ಇನ್ನೊಬ್ಬರದ್ದಕ್ಕೆ ಎಷ್ಟು ತಾಗದಂತಿರಬೇಕು ಎಂಬ ಮಟ್ಟಗಳು), ಮೇಲೆ ಡರ್ಟಿ ರೀಡ್, ನಾನ್-ರಿಪೀಟೆಬಲ್ ರೀಡ್, ಫ್ಯಾಂಟಮ್ ಎಂಬ ತೊಂದರೆಗಳ ಹೆಸರುಗಳು, ನಡುವೆ ಆ ಲೆವೆಲ್‌ನಲ್ಲಿ ಅದು ಆಗಬಹುದೇ ಎಂಬುದಕ್ಕೆ ಹೌದು, ಇಲ್ಲ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಆದರೂ ನನ್ನದೇ ಕೋಡ್‌ನಲ್ಲಿ ಲೆಕ್ಕ ತಪ್ಪಿದಾಗ, ಇದಕ್ಕೂ ಆ ಕೋಷ್ಟಕಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

ಎರಡು ಟರ್ಮಿನಲ್ ಪಕ್ಕಪಕ್ಕ ಇಟ್ಟು ತೋರಿಸಿದ್ದರೆ ಐದು ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಒಂದು ಸಾಲಿನಲ್ಲಿ ಉಳಿದ ಸೀಟು 10 ಅಂತಿದೆ. ಮೊದಲ ಸೆಷನ್ (ಅಂದರೆ ಮೊದಲ ಟರ್ಮಿನಲ್) ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೇ ಆಗಬೇಕಾದ ಕೆಲಸಗಳ ಗುಂಪು, ಶುರುಮಾಡಿ ಓದಿತು, 10. ಎರಡನೆಯದೂ ಹಾಗೇ ಓದಿತು, 10. ಮೊದಲನೆಯದು ಒಂದು ಕಳೆದು 9 ಬರೆದು ಕಮಿಟ್ ಮಾಡಿತು, ಅಂದರೆ ಖಾಯಂ ಮಾಡಿತು. ಎರಡನೆಯದು ತಾನು ಮುಂಚೆ ಓದಿದ 10ರಿಂದಲೇ ಒಂದು ಕಳೆದು, ಅದೂ 9 ಬರೆಯಿತು. ಹೋದ ಸೀಟು ಎರಡು, ಲೆಕ್ಕದಲ್ಲಿ ಇಳಿದದ್ದು ಒಂದು. ಎಲ್ಲೂ ಎರರ್ ಇಲ್ಲ, ಲಾಗ್‌ನಲ್ಲೂ ಏನಿಲ್ಲ. ಇದು ಲಾಸ್ಟ್ ಅಪ್‌ಡೇಟ್, ಅಂದರೆ ಕಳೆದುಹೋದ ಬದಲಾವಣೆ. ಎಸ್‌ಕ್ಯೂಎಲ್-92ರಿಂದ (ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನ 1992ರ ಸ್ಟ್ಯಾಂಡರ್ಡ್) ಬಂದ ಆ ಕೋಷ್ಟಕದಲ್ಲಿ ಇದಕ್ಕೆ ಒಂದು ಕಾಲಮ್ಮೂ ಇಲ್ಲ! ಹೊಸಬರು ಮೊದಲು ಎಡವುವುದೇ ಇಲ್ಲಿ, ಅಲ್ವಾ?

ಲೆವೆಲ್‌ಗಳ ಹೆಸರನ್ನೂ ನಂಬುವಂತಿಲ್ಲ. ಇದೇ ಪ್ರಯೋಗವನ್ನು ರಿಪೀಟೆಬಲ್ ರೀಡ್ ಎಂಬ ಲೆವೆಲ್‌ನಲ್ಲಿ ಮಾಡಿ ನೋಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಎರಡನೇ ಸೆಷನ್‌ನ ಅಪ್‌ಡೇಟ್ ಎರರ್ ಕೊಟ್ಟು ನಿಲ್ಲುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೊಡಿಬಿಯಲ್ಲಿ (ಡೇಟಾ ಇಡುವ ಅದರ ಎಂಜಿನ್), ಓದಿದ್ದು ಸಾದಾ ಸೆಲೆಕ್ಟ್ (ಓದುವ ಆದೇಶ) ಆಗಿದ್ದರೆ, ಸುಮ್ನೆ 9 ಬರೆದುಬಿಡುತ್ತದೆ. ಹೆಸರು ಒಂದೇ, ನಡತೆ ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ ತಾನಾಗಿ ಇರುವ ಲೆವೆಲ್ ರೀಡ್ ಕಮಿಟೆಡ್, ಅಲ್ಲಿ ಅದೂ ಎರರ್ ಇಲ್ಲದೆ 9 ಬರೆಯುತ್ತದೆ. ಹಾಗಾಗಿ ಯಾವ ಡೇಟಾಬೇಸ್, ಯಾವ ಲೆವೆಲ್ ಅಂತ ಉದಾಹರಣೆಯ ತಲೆಯಲ್ಲೇ ಬರೆಯಿರಿ.

ಲಾಕ್ ಎಂಬ ಮಾತಿನಲ್ಲೂ ಗೊಂದಲ ಜಾಸ್ತಿ. ಸಾಲು ಲಾಕ್ ಆಗಿದೆ ಅಂದರೆ ಯಾರೂ ಓದಲಾರರು ಅಂತ ಓದುಗರು ತಿಳಿಯುತ್ತಾರೆ. ಆದರೆ ಈ ಎರಡೂ ಡೇಟಾಬೇಸ್‌ಗಳು ಸಾಲಿನ ಹಳೇ ಆವೃತ್ತಿಯನ್ನೂ ಇಟ್ಟುಕೊಂಡಿರುತ್ತವೆ, ಸಾದಾ ಸೆಲೆಕ್ಟ್‌ಗೆ ಅದನ್ನೇ ಕೊಡುತ್ತವೆ. ಕಾಯಬೇಕಾದದ್ದು ಅದೇ ಸಾಲನ್ನು ಬರೆಯಲು ಬಂದ ಇನ್ನೊಬ್ಬರು. ಯಾರು ಯಾರಿಗಾಗಿ ಕಾಯುತ್ತಾರೆ ಅಂತ ಒಂದು ವಾಕ್ಯ ಬರೆದರೆ ಸಾಕು.

ಪರಿಹಾರ ಹೇಳುವಾಗ ಸುಲಭದ್ದನ್ನು ಮೊದಲು ಹೇಳಿ: ಸೀಟನ್ನು ಓದಿ ಕೋಡ್‌ನಲ್ಲಿ ಕಳೆಯುವ ಬದಲು, 'ಈಗಿರುವುದರಲ್ಲಿ ಒಂದು ಕಳೆ' ಅಂತ ಅಪ್‌ಡೇಟ್‌ನಲ್ಲೇ ಬರೆಯುವುದು. ಓದಿದ ಮೇಲೆ ಏನೋ ತೀರ್ಮಾನಿಸಬೇಕಿದ್ದರೆ ಸೆಲೆಕ್ಟ್ ಫಾರ್ ಅಪ್‌ಡೇಟ್, ಅಂದರೆ ಓದುವಾಗಲೇ ಸಾಲನ್ನು ಲಾಕ್ ಮಾಡುವ ಸೆಲೆಕ್ಟ್. ಎರರ್ ಬಂದರೆ 'ಮತ್ತೆ ಪ್ರಯತ್ನಿಸಿ' ಅಂತ ಬರೆದು ಬಿಡಬೇಡಿ, ದಯವಿಟ್ಟು. ಏನನ್ನು ಮತ್ತೆ ಮಾಡಬೇಕು? ಕೊನೆಯ ಅಪ್‌ಡೇಟ್ ಒಂದನ್ನೇ ಮತ್ತೆ ಓಡಿಸಿದರೆ ಅದೇ ಹಳೇ 10 ಕೈಯಲ್ಲಿರುತ್ತದೆ. ರೋಲ್‌ಬ್ಯಾಕ್ ಮಾಡಿ (ಆ ಟ್ರಾನ್ಸಾಕ್ಷನ್ ರದ್ದು ಮಾಡಿ), ಹೊಸ ಟ್ರಾನ್ಸಾಕ್ಷನ್ ಶುರುಮಾಡಿ, ಮೊದಲಿನ ಸೆಲೆಕ್ಟ್‌ನಿಂದಲೇ ಹೊರಡಬೇಕು.