ಯಾರ್ ಸಾರ್ ಇದನ್ನ ಮೆತ್ತಿದ್ದು?

ಶನಿವಾರದಿಂದ ತಲೆಯಲ್ಲಿ ಇದೊಂದೇ ಮಾತು ಸುತ್ತುತ್ತಿದೆ. ಮೇಸ್ತ್ರಿ ನಮ್ಮ ಮನೆ ಹೆಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕರಣೆ ಹಿಡಿಯಿಂದ ಸೂರಿನ ನೆತ್ತಿಯ ಗಾರೆಯನ್ನು ಎರಡು ಸಲ ತಟ್ಟಿ, ಕೆಳಗೆ ಏಣಿ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು.

"ಯಾರ್ ಸಾರ್ ಇದನ್ನ ಮೆತ್ತಿದ್ದು?"

"ಯಾರೋ ಒಬ್ಬ ಬಂದಿದ್ದ" ಅಂದೆ.

ಮೆತ್ತಿದ್ದು ನಾನೇ. ಎರಡು ವರ್ಷದ ಹಿಂದೆ, ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿ, ಅರ್ಧ ಮೂಟೆ ಸಿಮೆಂಟ್ ತಂದು, ಇಡೀ ಭಾನುವಾರ ಮೇಲೆ ಕೂತು ಮಾಡಿದ ಕೆಲಸ. ಆವತ್ತು ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ ಬೇರೆ.

ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಈಗ ಹೆಂಚಿನ ಮನೆ ಅಂತ ಉಳಿದಿರೋದು ಕೆಲವೇ. ಅಮ್ಮ ಒಬ್ಬರೇ ಇರೋದು. ಚಿತ್ತೆ ಮಳೆ ಶುರುವಾದ ಮೇಲೆ ನಡುಮನೆಯಲ್ಲಿ ಬಕೆಟ್ ಇಟ್ಟುಕೊಂಡು ಮಲಗಿದ್ದಾರೆ, ನನಗೆ ಹೇಳಿದ್ದು ನಾಲ್ಕು ದಿನ ಆದ ಮೇಲೆ. ಅದೂ ಪಕ್ಕದ ಮನೆಯವರು ಫೋನ್ ಮಾಡಿ ಹೇಳಿದ್ದಕ್ಕೆ. ಆ ಪಕ್ಕದ ಮನೆಯವರಿಗೆ ನಮ್ಮ ಸೂರಿನ ಬಗ್ಗೆ ನಮಗಿಂತ ಜಾಸ್ತಿ ಚಿಂತೆ.

ಮೇಸ್ತ್ರಿಗೆ ಎಪ್ಪತ್ತು ದಾಟಿರಬೇಕು. ಹೆಂಚಿನ ಮೇಲೆ ಬೆಕ್ಕು ಓಡಾಡಿದ ಹಾಗೆ ಓಡಾಡುತ್ತಾರೆ. ಕೆಳಗೆ ಮರದ ಪಟ್ಟಿ ಎಲ್ಲಿದೆ ಅಂತ ಅಂದಾಜು ಮಾಡಿ ಅಲ್ಲೇ ಕಾಲಿಡೋದು. ನಾನು ಹತ್ತಿದ್ದಾಗ ಮೂರು ಹೆಂಚು ಒಡೆದಿದ್ದೆ. ಮಂಗಳೂರು ಹೆಂಚು ಅನ್ನೋ ಹೆಸರು 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಕಾಲದ್ದು, ಆದರೆ ನಮ್ಮ ಮನೆಯವು ಇಲ್ಲೇ ಮಾಲೂರಿನವು. ತಾತ ಗಾಡಿಯಲ್ಲಿ ಹುಲ್ಲು ಹಾಸಿ ತಂದಿದ್ದಂತೆ. ದಾರಿಯಲ್ಲಿ ಒಂದೂ ಒಡೆದಿರಲಿಲ್ಲವಂತೆ. ಈ ಮಾತನ್ನು ಅಮ್ಮ ಆ ಮೂರು ಹೆಂಚು ಒಡೆದ ದಿನವೇ ಹೇಳಿದ್ದು.

ಸರಿ, ತಟ್ಟಿದರೆ ಟೊಳ್ಳು ಶಬ್ದ. ಉಳಿ ಇಟ್ಟು ಸ್ವಲ್ಪ ಮೀಟಿದ್ದೇ ತಡ, ಗಾಯದ ಹಕ್ಕಳೆ ಎದ್ದ ಹಾಗೆ ಮೊಳದುದ್ದದ ಗಾರೆ ಪೂರ್ತಿ ಎದ್ದು ಬಂತು. ಅದರ ಮೇಲೆ ನಾಲ್ಕು ಬೆರಳಿನ ಗುರುತು ಹಾಗೇ ಇತ್ತು.

"ಕರಣೆ ಕೂಡ ಹಿಡಿದಿಲ್ಲ, ಕೈಯಲ್ಲೇ ಮೆತ್ತವ್ನೆ. ಕೂಲಿ ಎಷ್ಟು ಕೊಟ್ರಿ?"

"ಐನೂರು" ಅಂದೆ. ಬಲಗೈ ತಾನಾಗೇ ಪ್ಯಾಂಟ್ ಜೇಬಿಗೆ ಹೋಯ್ತು. ಒಳಗಿಂದ ಅಮ್ಮ ಕೆಮ್ಮಿದರು.

ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ನಾನು ಒಂದು ಪಾಲು ಸಿಮೆಂಟಿಗೆ ಎರಡೇ ಪಾಲು ಮರಳು ಹಾಕಿದ್ದೆ. ಅಲ್ಲೇ ಎಡವಟ್ಟಾಗಿದ್ದು. ಸಿಮೆಂಟ್ ಜಾಸ್ತಿಯಾದರೆ ಗಾರೆ ಒಣಗುವಾಗ ಎಳೆದುಕೊಂಡು ಬಿರುಕು ಬಿಡುತ್ತದೆ. ಕೆಳಗಿನ ಮರ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಹೆಂಚೂ ಬಿಸಿಲಿಗೆ ಕಾಯುತ್ತದೆ. ಇವೆಲ್ಲ ಅಲುಗಾಡುವಾಗ ಗಾರೆ ಮಾತ್ರ ಕಲ್ಲಿನ ಹಾಗೆ ಕೂತಿದ್ದರೆ ಹೆಂಚಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ. ನೀರಿಗೆ ಅಷ್ಟು ಸಾಕು. ಜೊತೆಗೆ ನಾನು ಹಳೇ ಬಿರುಕಿನ ಮೇಲೇ, ಧೂಳೂ ಗುಡಿಸದೆ, ಹೆಂಚೂ ನೆನೆಸದೆ ಮೆತ್ತಿದ್ದೆ. ಒಣ ಹೆಂಚು ಗಾರೆಯ ನೀರನ್ನೆಲ್ಲ ಕುಡಿದುಬಿಟ್ಟಿದೆ.

ಮೇಸ್ತ್ರಿ ಎಲ್ಲ ಕಿತ್ತರು. ಬ್ರಷ್ ಹಾಕಿ ಉಜ್ಜಿ, ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಕಲಸಿದರು. ಸುಣ್ಣ ಬಿದ್ದರೆ ಗಾರೆ ಸ್ವಲ್ಪ ಬಾಗುತ್ತೆ ಸಾರ್ ಅಂದರು. ಗೋಣಿಚೀಲ ಹೊದಿಸಿ, ವಾರ ಪೂರ್ತಿ ನೀರು ಹಾಕಿ ಅಂತ ಹೇಳಿ ಹೋದರು. ಅವರ ಮಗ ಹೊಸೂರಿನಲ್ಲಿ ನೆಲಕ್ಕೆ ಟೈಲ್ಸ್ ಹಾಕುತ್ತಾನಂತೆ, ಹೆಂಚು ಹತ್ತಲ್ಲವಂತೆ. ಹತ್ತಿ ಯಾರಿಗೆ ಮಾಡಬೇಕು, ಎಲ್ಲರೂ ಮೋಲ್ಡ್ ಹಾಕಿಸ್ತಿದಾರಲ್ಲ.

ಆಫೀಸಿನಲ್ಲಿ ನಾನು ತಪ್ಪಾಯ್ತು ಅಂತ ದಿನಕ್ಕೆರಡು ಸಲ ಬರೆಯುತ್ತೇನೆ, ಒಂದಿಷ್ಟೂ ನಾಚಿಕೆಯಾಗಲ್ಲ. ಇಲ್ಲಿ ಏಣಿ ಹಿಡಿದು ನಿಂತು "ನಾನೇ ಮೇಸ್ತ್ರಿ" ಅನ್ನೋಕೆ ಬಾಯಿ ಬರಲಿಲ್ಲ. ನನ್ನ ಬೆರಳೇ ಎದುರಿಗಿತ್ತಲ್ಲ, ಅದಕ್ಕೇನೋ. ಅವರು ನಿಜವಾಗಿ ಗೊತ್ತಿಲ್ಲದೆ ಕೇಳಿದರೋ, ಗೊತ್ತಿದ್ದೇ ಕೇಳಿದರೋ? ಆ ಮಾತನ್ನು ಎಷ್ಟು ಸಲ ನೆನೆಸಿಕೊಂಡರೂ ತಿಳಿಯುತ್ತಿಲ್ಲ. ಅಮ್ಮನನ್ನು ಕೇಳಿದೆ. "ಊರಿಗೆಲ್ಲ ಫೋಟೋ ಕಳಿಸಿದ್ದೆಯಲ್ಲಪ್ಪ" ಅಂದರು.

ನಿನ್ನೆ ರಾತ್ರಿ ಜೋರು ಮಳೆ. ನಡುಮನೆಯಲ್ಲಿ ಒಂದು ಹನಿ ಇಲ್ಲ. ಅಡುಗೆ ಮನೆಯಲ್ಲಿ, ಒಲೆ ಪಕ್ಕ, ಟಪ್ ಟಪ್ ಅಂತ ಹೊಸದಾಗಿ ಶುರುವಾಗಿದೆಯಂತೆ. ಬೆಳಗ್ಗೆ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ಅಡುಗೆ ಮನೆ ಮೇಲೆ ಗಾರೆ ಮೆತ್ತಿದ್ದು ಯಾರು?"

ಸ್ವಲ್ಪ ಹೊತ್ತು ಮಾತಿಲ್ಲ.

"ಯಾರೋ ಒಬ್ಬ ಬಂದಿದ್ದ ಕಣೋ" ಅಂದ.