ಶಟಲ್ ಕೋರ್ಟಿಗೆ ಫ್ಲ್ಯಾಶ್: ಕೆಲಸ ಎಲ್ಲಿಯವರೆಗೆ ಬಂತು

ತುಮಕೂರಿನ ಕ್ಯಾತಸಂದ್ರದ ಕಡೆ ಇರುವ ಒಂದು ಒಳಾಂಗಣ ಶಟಲ್ ಕೋರ್ಟಿನಲ್ಲಿ ಕಲಿಯುವ ಮಕ್ಕಳ ಚಿತ್ರ ತೆಗೆಯುವುದಕ್ಕೆ ಫ್ಲ್ಯಾಶ್ ಹುಡುಕುತ್ತಿದ್ದೆ. ಆಯ್ಕೆ ಈಗ ಬಹುಮಟ್ಟಿಗೆ ಮುಗಿದಿದೆ. ಬೇಕಾಗಿರುವುದು ಎರಡು ಬಗೆಯ ಚಿತ್ರ: ಹಾರಿ ಸ್ಮ್ಯಾಶ್ ಹೊಡೆಯುವ ಕ್ಷಣ ಒಂದು, ರ‍್ಯಾಕೆಟ್ ಹಿಡಿದು ನಿಂತ ಮುಖಚಿತ್ರ ಇನ್ನೊಂದು. ಎರಡಕ್ಕೂ ಒಂದೇ ಸಾಮಾನು ಆಗಬೇಕು, ಅದು ಸ್ಕೂಟರಿನ ಮೇಲೆ ಬರಬೇಕು. ಕೊನೆಯ ಷರತ್ತು ನನ್ನದೇ, ಆದರೆ ಅರ್ಧ ತೀರ್ಮಾನ ಆದದ್ದು ಅದರಿಂದಲೇ.

ಮೊದಲು ಕೋರ್ಟಿನ ಸ್ವಂತ ಬೆಳಕನ್ನು ಅಳೆದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಎಫ್ (ಲೆನ್ಸಿನ ಕಿಂಡಿಯ ಅಳತೆ) 2.8 ಇಟ್ಟರೆ ಶಟರ್ 1/250 ಸೆಕೆಂಡಿನ ಸುತ್ತ ಬರುತ್ತದೆ. ನಿಂತವರಿಗೆ ಧಾರಾಳ, ಸ್ಮ್ಯಾಶಿಗೆ ಸಾಲದು. 1/1000 ಬೇಕೆಂದರೆ ಐಎಸ್‌ಒ 6400ಕ್ಕೆ ಏರಬೇಕು. ಅದನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ನಮ್ಮ ವಿದ್ಯುತ್ತು 50 ಹರ್ಟ್ಸ್. ಹಳೆಯ ಚೋಕ್ ಇರುವ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗ ಏರಿಸಿದಂತೆ ಒಂದು ಚಿತ್ರ ಬೆಳ್ಳಗೆ, ಅದರ ಹಿಂದೆಯೇ ತೆಗೆದದ್ದು ಮಂಕಾಗಿ ಹಳದಿ. ಜೊತೆಗೆ ಬೆಳಕೆಲ್ಲ ನೆತ್ತಿಯ ಮೇಲಿಂದಲೇ ಬೀಳುವುದರಿಂದ ಮಕ್ಕಳ ಕಣ್ಣುಗಳು ಹುಬ್ಬಿನ ನೆರಳಿನಲ್ಲಿ ಮುಚ್ಚಿಹೋಗುತ್ತವೆ.

ಮದುವೆ ಚಿತ್ರ ತೆಗೆಯುವವರು ಫ್ಲ್ಯಾಶನ್ನು ಛಾವಣಿಗೆ ಹೊಡೆದು ಬೆಳಕನ್ನು ಕೆಳಗಿಳಿಸುತ್ತಾರೆ. ಕಲ್ಯಾಣ ಮಂಟಪದ ಬಿಳಿ ಛಾವಣಿಗೆ ಅದು ಸರಿ. ಇಲ್ಲಿ ಮೇಲೆ ತಗಡಿನ ಶೀಟು, ಅದೂ ಸುಮಾರು ಒಂಬತ್ತು ಮೀಟರ್ ಎತ್ತರದಲ್ಲಿ. ಬಿಳಿ ಶಟಲ್ ಎದ್ದು ಕಾಣಲೆಂದು ಗೋಡೆಗಳಿಗೆ ಕಡು ಹಸಿರು ಬಳಿದಿದ್ದಾರೆ. ಛಾವಣಿಗೆ ಹೊಡೆದರೆ ಬೆಳಕು ದಾರಿಯಲ್ಲೇ ಕರಗುತ್ತದೆ, ಗೋಡೆಗೆ ಹೊಡೆದರೆ ಹಸಿರಾಗಿ ಹಿಂತಿರುಗುತ್ತದೆ. ಹಾಗಾಗಿ ಕ್ಯಾಮೆರಾದಿಂದ ದೂರ, ಎತ್ತರದಲ್ಲಿ ನೇರ ದೀಪ ಇಡುವುದೇ ದಾರಿ.

ಯಾವ ದೀಪ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಶಕ್ತಿಯನ್ನೇ ಕೇಳುತ್ತಾರೆ. ನಾನು ನೋಡಿದ್ದು ವಿವರಪಟ್ಟಿಯ ಕೆಳಗೆಲ್ಲೋ ಇರುವ ಇನ್ನೊಂದು ಸಾಲನ್ನು: ಫ್ಲ್ಯಾಶ್ ಎಷ್ಟು ಹೊತ್ತು ಉರಿಯುತ್ತದೆ? 200 ವ್ಯಾಟ್-ಸೆಕೆಂಡ್ ಶಕ್ತಿಯ ಗೋಡಾಕ್ಸ್ ಎಡಿ200 ಎಂಬ ಬ್ಯಾಟರಿ ಫ್ಲ್ಯಾಶಿಗೆ ಅದು 1/220ರಿಂದ 1/13000 ಸೆಕೆಂಡ್. ಪೂರ್ಣ ಶಕ್ತಿಯಲ್ಲಿ 1/220. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊರಟ ಶಟಲ್ ಅಷ್ಟು ಹೊತ್ತಿನಲ್ಲಿ 12 ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ, ಅಂದರೆ ತನ್ನ ಉದ್ದಕ್ಕಿಂತಲೂ ಜಾಸ್ತಿ. ಚಿತ್ರದಲ್ಲಿ ಶಟಲ್ ಇರುವುದಿಲ್ಲ, ಒಂದು ಬಿಳಿ ಗೆರೆ ಇರುತ್ತದೆ. ಅದೇ ಬೆಳಕು 1/4000ರಲ್ಲಿ ಮುಗಿದರೆ ಸರಿಯುವುದು 7 ಮಿಲಿಮೀಟರ್. ಗರಿಗಳನ್ನು ಬಿಡಿಬಿಡಿಯಾಗಿ ಗುರುತಿಸಬಹುದು.

ಇಂಥ ಬ್ಯಾಟರಿ ಫ್ಲ್ಯಾಶ್‌ಗಳಲ್ಲಿ ಶಕ್ತಿ ಇಳಿಸುವುದೆಂದರೆ ಉರಿಯುತ್ತಿರುವ ಬೆಳಕನ್ನು ನಡುವೆಯೇ ಕತ್ತರಿಸುವುದು. ಆದ್ದರಿಂದ ಶಕ್ತಿ ಇಳಿದಂತೆ ಕಾಲವೂ ಇಳಿಯುತ್ತದೆ. ಅಶೋಕ ರಸ್ತೆಯ ಸ್ಟುಡಿಯೋದ ಅಣ್ಣ, ತಮ್ಮಲ್ಲಿದ್ದ ಕರೆಂಟಿಗೆ ಸಿಕ್ಕಿಸುವ ಹಳೆಯ ದೊಡ್ಡ ದೀಪಗಳನ್ನು ಕೊಡಲು ಬಂದರು. "ಇವುಗಳ ಮುಂದೆ ನಿಮ್ಮ ಬ್ಯಾಟರಿ ಡಬ್ಬಿ ಏನೂ ಅಲ್ಲ, ತೆಗೆದುಕೊಂಡು ಹೋಗಿ" ಎಂದರು. ಶಕ್ತಿಯ ಮಾತಿನಲ್ಲಿ ಅವರು ಹೇಳಿದ್ದು ನಿಜ. ಆದರೆ ಆ ಬಗೆಯವು ವೋಲ್ಟೇಜ್ ತಗ್ಗಿಸಿ ಬೆಳಕು ಇಳಿಸುತ್ತವೆ; ಉರಿಯುವ ಕಾಲ ಕಡಿಮೆಯಾಗುವುದಿಲ್ಲ, ಕೆಲವೊಮ್ಮೆ ಹಿಗ್ಗುತ್ತದೆ. ಕೋರ್ಟಿನ ಅಂಚಿನಲ್ಲಿ ವೈರು ಎಳೆಯುವುದಂತೂ ಬೇಡವೇ ಬೇಡ, ಓಡುವ ಮಕ್ಕಳಿದ್ದಾರೆ.

ಆದ್ದರಿಂದ ಲೆಕ್ಕವನ್ನು ತಿರುಗಿಸಿ ಹಾಕಿದೆ: 1/8 ಶಕ್ತಿಯಲ್ಲಿ ಎಷ್ಟು ದೂರ ಮುಟ್ಟುತ್ತದೆ? ಡಬ್ಬಿಯ ಮೇಲಿನ ಗೈಡ್ ನಂಬರನ್ನು (ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಮುಟ್ಟುವ ದೂರ ಕೊಡುವ ಸಂಖ್ಯೆ) ನಾನು ನಂಬುವುದಿಲ್ಲ. ಚಿಕ್ಕ ಫ್ಲ್ಯಾಶ್‌ಗಳ ಮೇಲೆ ಅಚ್ಚಾಗಿರುವ 60 ಎಂಬುದು ತಲೆಯನ್ನು 200 ಮಿ.ಮೀ.ಗೆ ಜೂಮ್ ಮಾಡಿ ಬೆಳಕನ್ನು ಕಿರಿದು ಮಾಡಿದಾಗಿನ ಮಾತು. ಎಡಿ200ಕ್ಕೆ ಐಎಸ್‌ಒ 100ರಲ್ಲಿ 40 ಎಂದು ಹಿಡಿದೆ. ಐಎಸ್‌ಒ 800ರಲ್ಲಿ ಅದು 113 ಆಗುತ್ತದೆ, ಎಫ್ 5.6ರಿಂದ ಭಾಗಿಸಿದರೆ 20 ಮೀಟರ್. 1/8 ಶಕ್ತಿಗೆ ಏಳು ಮೀಟರ್ (ಬೆಳಕು ಎಂಟರಲ್ಲೊಂದಾದರೆ ದೂರ ಸುಮಾರು ಮೂರರಲ್ಲೊಂದಾಗುತ್ತದೆ). ಗ್ಯಾಲರಿಯ ಕಂಬಿಯಿಂದ ಕೋರ್ಟಿನ ಆ ಅರ್ಧದ ನಡುವಿಗೆ ಹೆಚ್ಚುಕಡಿಮೆ ಅಷ್ಟೇ ದೂರ! ಇನ್ನೊಂದು ಲಾಭವೂ ಇದೆ: ಪೂರ್ಣ ಶಕ್ತಿಗೆ ಎರಡು ಸೆಕೆಂಡ್ ಕಾಯಿಸುವ ದೀಪ 1/8ಕ್ಕೆ ಕಾಲು ಸೆಕೆಂಡಿನಷ್ಟರಲ್ಲಿ ಮತ್ತೆ ಸಿದ್ಧ.

ಶಟರ್ 1/200; ಚಲನೆಯನ್ನು ನಿಲ್ಲಿಸುವುದು ಫ್ಲ್ಯಾಶ್, ಶಟರ್ ಅಲ್ಲ. ಇದಕ್ಕಿಂತ ವೇಗದ ಶಟರಿನಲ್ಲೂ ಫ್ಲ್ಯಾಶ್ ಉರಿಸುವ ಹೈ ಸ್ಪೀಡ್ ಸಿಂಕ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದರಲ್ಲಿ ಫ್ಲ್ಯಾಶ್ ಸಣ್ಣ ಮಿಡಿತಗಳಾಗಿ ಉದ್ದಕ್ಕೂ ಉರಿಯುತ್ತದೆ, ಎರಡು ಸ್ಟಾಪಿಗಿಂತ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಹೆಚ್ಚು ಬೆಳಕು ನಷ್ಟ, ಚಲನೆಯನ್ನು ನಿಲ್ಲಿಸುವ ಚುರುಕೂ ಹೋಗುತ್ತದೆ. ಕೋರ್ಟಿನ ದೀಪಗಳ ಬೆಳಕು ಫ್ಲ್ಯಾಶಿಗಿಂತ ಸುಮಾರು ಮೂರು ಸ್ಟಾಪ್ ಕೆಳಗಿದ್ದರೆ ಸಾಕು. ಫ್ಲ್ಯಾಶ್ ನಿಲ್ಲಿಸಿ ಒಂದು ಚಿತ್ರ ತೆಗೆದು ನೋಡುತ್ತೇನೆ. ಬಹುತೇಕ ಕಪ್ಪಗಿದ್ದರೆ ಸರಿ, ಅಂಗಿ ಕಾಣುವಷ್ಟು ಬೆಳಕಿದ್ದರೆ ಕೈಕಾಲಿನ ಹಿಂದೆ ದೆವ್ವದಂತೆ ಒಂದು ಮಸುಕು ಅಂಟಿಕೊಳ್ಳುತ್ತದೆ.

ಬೆಂಗಳೂರಿನಿಂದ ಒಂದನ್ನು ಬಾಡಿಗೆಗೆ ತಂದು ಇದನ್ನೆಲ್ಲ ಪರೀಕ್ಷಿಸಿದ ಮೇಲೆ ಎರಡು ಎಡಿ200 ಕೊಂಡೆ. ಬ್ಯಾಟರಿ ಸೇರಿ ಒಂದೊಂದೂ ಒಂದು ಕಿಲೋದೊಳಗೆ. 600 ವ್ಯಾಟ್-ಸೆಕೆಂಡಿನ ಒಂದೇ ದೀಪಕ್ಕಿಂತ ಇದು ಮೇಲು. ಒಂದು ದೀಪಕ್ಕೆ ಒಂದೇ ದಿಕ್ಕು.

ಇಡುವ ಜಾಗವನ್ನು ತೀರ್ಮಾನಿಸಿದ್ದು ಕೋಚ್ ಮೇಡಂ. "ಮಕ್ಕಳು ತಲೆ ಎತ್ತಿ ಶಟಲ್ ನೋಡುವ ಕಡೆ ನಿಮ್ಮ ದೀಪ ಇರಕೂಡದು. ಮಿಕ್ಕಿದ್ದು ನಿಮ್ಮಿಷ್ಟ" ಎಂದರು. ನೆಟ್ಟಿನ ಸಾಲಿನಲ್ಲಿದ್ದ ದೀಪವನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದೆವು, ಮುಖದ ಒಂದು ಬದಿಗೆ ನೆರಳು ಬಂತು, ನನಗೆ ಅದೇ ಹಿಡಿಸಿತು. ಎರಡನೆಯದು ಬೇಸ್‌ಲೈನ್ ಹಿಂದಿನಿಂದ, ಭುಜ ಮತ್ತು ಕೂದಲಿನ ಅಂಚಿಗೆ. ಎರಡನ್ನೂ ಕ್ಲಾಂಪಿನ ಜೊತೆಗೆ ಉಕ್ಕಿನ ತಂತಿಯಿಂದಲೂ ಕಂಬಿಗೆ ಕಟ್ಟುತ್ತೇನೆ. ಇದೆಲ್ಲ ಅಭ್ಯಾಸದ ಹೊತ್ತಿಗೆ ಮಾತ್ರ; ಪಂದ್ಯಾವಳಿಗಳಲ್ಲಿ ಫ್ಲ್ಯಾಶಿಗೆ ಅನುಮತಿ ಇರುವುದಿಲ್ಲ, ಇರಲೂಬಾರದು.

ಮುಖಚಿತ್ರದ ಭಾಗ ಸುಲಭವಾಯಿತು. ಒಂದು ದೀಪ ಬಿಚ್ಚಿ ದೊಡ್ಡ ಬಿಳಿ ಛತ್ರಿಗೆ ಸಿಕ್ಕಿಸಿ ಮಗುವಿನಿಂದ ಒಂದು ಮೀಟರ್ ದೂರಕ್ಕೆ ತರುತ್ತೇನೆ. ಛತ್ರಿಯಿಂದ ಗೋಡೆ ನಾಲ್ಕು ಮೀಟರ್ ದೂರವಿದ್ದರೆ ಗೋಡೆಗೆ ಮುಟ್ಟುವುದು ಮುಖದ ಬೆಳಕಿನ ಹದಿನಾರರಲ್ಲಿ ಒಂದು ಪಾಲು. ಆ ಹಸಿರು ಗೋಡೆ ಕಪ್ಪು ಪರದೆಯಾಗಿಬಿಡುತ್ತದೆ, ಬಟ್ಟೆ ಹೊತ್ತು ತರುವ ಕೆಲಸವಿಲ್ಲ.

ಕನ್ನಡಕ ಹಾಕುವ ಮಕ್ಕಳದೊಂದು ಬಾಕಿ. ಛತ್ರಿಯ ಬಿಳುಪು ಗಾಜಿನಲ್ಲಿ ಕೂರುತ್ತದೆ. ಛತ್ರಿ ಏರಿಸಿದರೆ ಹೋಗುತ್ತದೆ, ಆದರೆ ಕಣ್ಣಿನ ಹೊಳಪೂ ಅದರ ಜೊತೆಗೆ ಹೋಗುತ್ತದೆ. ಮುಂದಿನ ಭಾನುವಾರ ಕೆಳಗೊಂದು ಬಿಳಿ ಥರ್ಮೋಕೋಲ್ ಹಾಳೆ ಹಿಡಿಸಿ ನೋಡಬೇಕು. ನನ್ನಲ್ಲಿರುವ ಹಳೆಯ ಚಿಕ್ಕ ಫ್ಲ್ಯಾಶನ್ನು ಮೂರನೆಯ ದೀಪವಾಗಿ ಎದುರು ಮೂಲೆಗೆ ಕಟ್ಟುವುದು ಅದರ ನಂತರದ ಕೆಲಸ.